ಚೀಟಿ ಬಂತು, ಕಾಳು ಬರಲಿಲ್ಲ

ಮಹಾರುದ್ರನ ಮಿರ್ಚಿ ಅಂಗಡಿಗೆ ಬೆಟಗೇರಿಯಲ್ಲಿ ಹೆಸರು ಬಂದದ್ದು ಅವನ ನೆನಪು ಹೋದ ಮೇಲೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಮರೆವಿನ ಜ್ವರ ಊರೂರನ್ನು ಬಡಿದು ಹೋದ ವರ್ಷ ಅವನ ತಲೆಯಿಂದ ಮದುವೆ ಹೋಯಿತು, ಅಪ್ಪನ ಮುಖ ಹೋಯಿತು, ಓದಿದ ಶಾಲೆ ಹೋಯಿತು. ಹಿಟ್ಟಿಗೆ ಎಷ್ಟು ಉಪ್ಪು, ಎಣ್ಣೆ ಎಷ್ಟು ಕಾಯಬೇಕು ಅನ್ನುವುದು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ತಲೆಯೊಳಗೆ ಬೇರೆ ಗದ್ದಲ ಇಲ್ಲದ್ದಕ್ಕೋ ಏನೋ, ಕೈ ಮೊದಲಿಗಿಂತ ಪಳಗಿತು. ಗದಗಿನಿಂದ ಜನ ಗಾಡಿ ಹತ್ತಿಕೊಂಡು ಬಂದು ಅವನ ಅಂಗಡಿಯ ಮುಂದೆ ನಿಲ್ಲತೊಡಗಿದರು.

ಆ ಜ್ವರದ ಗುಣವೇ ಹಾಗಿತ್ತು. ಹಗುರವಾದದ್ದನ್ನು ಬಿಟ್ಟು ಭಾರವಾದದ್ದನ್ನು ಒಯ್ಯುತ್ತಿತ್ತು. ಮಾತು, ಮಗ್ಗಿ, ಮನೆಯ ದಾರಿ, ಕೈಕೆಲಸ, ರೂಢಿ ಇವೆಲ್ಲ ಹಗುರ. ಒಂದು ಮುಖ, ಒಂದು ದನಿ, ಬೆಳಗಿನಿಂದ ಸಂಜೆಯವರೆಗಿನ ಇಡೀ ಒಂದು ದಿನ, ಇವು ಭಾರ. ಜ್ವರ ತಿಂದ ಮೆದುಳು ಇಂಥವನ್ನು ಹೊರಲಾರದು. ಅದಕ್ಕೇ ವೈದ್ಯರು ಕಿವಿಯ ಹಿಂದೆ ಒಂದು ಮಣಿ ಕೂರಿಸಿದರು. ಜ್ವರದ ಮೊದಲ ದಿನಗಳಲ್ಲೇ ಸಿಕ್ಕಷ್ಟು ಭಾರದ ನೆನಪುಗಳನ್ನು ಎಳೆದು, ಕಪ್ಪತಗುಡ್ಡದ ಬುಡದಲ್ಲಿ ಗಾಳಿಯಂತ್ರಗಳ ಕರೆಂಟಿನಿಂದ ನಡೆಯುವ ನೆನಪಿನ ಕಣಜಕ್ಕೆ ಕಳಿಸಿದರು. ತಲೆಯಲ್ಲಿ ಅದರ ಜಾಗಕ್ಕೆ ಒಂದು ಚೀಟಿ ಉಳಿಯುತ್ತಿತ್ತು. ಆ ಚೀಟಿಯಲ್ಲಿ ಇರುತ್ತಿದ್ದದ್ದು ಎರಡೇ ಸಂಗತಿ, ನೆನಪಿನ ಹೆಬ್ಬೆಟ್ಟಿನ ಗುರುತು ಮತ್ತು ಅದರ ತೂಕ. ಮನುಷ್ಯ ಏನನ್ನಾದರೂ ನೆನೆಸಿಕೊಳ್ಳಹೋದರೆ ಮಣಿ ಆ ಚೀಟಿಯನ್ನು ಕಣಜಕ್ಕೆ ತೋರಿಸುವುದು, ಕಣಜ ಗುರುತು ತಾಳೆ ನೋಡಿ ಕಾಳನ್ನು, ಅಂದರೆ ಆ ನೆನಪನ್ನು, ಸುರಿಯುವುದು. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು.

ಮಹಾರುದ್ರನ ಹೆಂಡತಿ ನೀಲಗಂಗಾ ಅದೇ ಕಣಜದ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಅವಳನ್ನು ಜ್ವರ ಮುಟ್ಟಲಿಲ್ಲ. ಮುಟ್ಟಿದ್ದು ಗಂಡನನ್ನು, ಮತ್ತು ಎರಡನೇ ಇಯತ್ತೆಯಲ್ಲಿದ್ದ ಮಗಳು ಶಾಲ್ಮಲಾಳನ್ನು. ಗಂಡ ಉಳಿದ, ಮಗಳು ಉಳಿಯಲಿಲ್ಲ. ಗಂಡನ ತಲೆಯಿಂದ ನೆನಪು ತೆಗೆಯುವಾಗ ನೀಲಗಂಗಾ ಹಟ ಹಿಡಿದು ಎಲ್ಲಕ್ಕಿಂತ ಮೊದಲು ಮಗಳದ್ದನ್ನೇ ತೆಗೆಸಿದ್ದಳು. "ಮದುವಿ ಹೋದ್ರ ಹೋಗ್ಲಿ, ನಾ ಇದೀನಿ, ಹೇಳ್ತೀನಿ. ಕೂಸು ಮೊದಲ ತೆಗೀರಿ," ಎಂದಿದ್ದಳು.

ಹಾಗೆ ಮಾಡಿಯೂ ಉಳಿದದ್ದು ಶಾಲೂನ ಒಂದೇ ನೆನಪು. ಮಹಾರುದ್ರ ದಿನಾಲೂ ತೆಗೆಯುತ್ತಿದ್ದದ್ದು ಅದನ್ನೇ. ಅಂಗಡಿಯ ಕಟ್ಟೆಯ ಮೇಲೆ ಕೂತ ಹುಡುಗಿ ತಟ್ಟೆಗೆ ಮಿರ್ಚಿ ಎಣಿಸುತ್ತಾಳೆ. ಒಂದು, ಎರಡು, ನಾಲ್ಕು. "ಮೂರು ಎಲ್ಲಿ ಹೋತವಾ?" ಅಂತ ಅಪ್ಪ ಕೇಳುತ್ತಾನೆ. ಹುಡುಗಿ ಬಾಯಿ ತುಂಬಿಕೊಂಡೇ, "ಮೂರು ನನ್ನ ಹೊಟ್ಟ್ಯಾಗ ಐತಿ," ಅನ್ನುತ್ತಾಳೆ. ಅಷ್ಟೇ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಅವನು ಒಬ್ಬನೇ ನಿಂತು ನಗುತ್ತಿದ್ದರೆ, ಪಕ್ಕದ ಚಹಾದಂಗಡಿಯವರು, "ಬಂದ್ಲಪಾ ಮಗಳು," ಎಂದು ತಾವೂ ನಗುತ್ತಿದ್ದರು.

ಕಣಜ ತುಂಬುತ್ತ ಬಂತು. ತುಂಬದೆ ಇನ್ನೇನಾದೀತು! ಮನುಷ್ಯ ಒಂದು ನೆನಪನ್ನು ಮೆಲುಕು ಹಾಕಿದಾಗೊಮ್ಮೆ ಅದು ಅಷ್ಟಿಷ್ಟು ಬದಲಾಗುತ್ತದೆ. ಬದಲಾದ ಹೊಸ ಆವೃತ್ತಿಯನ್ನು ರಾತ್ರಿ ನಿದ್ದೆಯಲ್ಲಿ ಮಣಿ ವಾಪಸು ಕಳಿಸುತ್ತದೆ. ಹಗುರವಾದ ಸಂಗತಿಯಾದರೆ ಬದಲಾದ ತುಣುಕನ್ನಷ್ಟೇ ಇಟ್ಟುಕೊಂಡರೆ ಸಾಕು. ಭಾರದ್ದು ಹಾಗಲ್ಲ. ಅತ್ತೆಯ ಸೀರೆಯ ಬಣ್ಣ ಎಳ್ಳುಕಾಳಿನಷ್ಟು ಬದಲಾದರೂ ಇಡೀ ಅತ್ತೆಯನ್ನೇ ಮತ್ತೊಮ್ಮೆ ಇಡಬೇಕು. ಹೀಗೆ ಒಬ್ಬೊಬ್ಬರ ಅತ್ತೆಯೂ ಸಾವಿರಾರು ಸಲ ಕೂತು ಕಣಜ ಬಿರಿಯುವಂತಾಯಿತು. ಕಡೆಗೆ ಕಾರವಾರದ ಹತ್ತಿರ ಸಮುದ್ರದಡಿಯಲ್ಲಿ ಹೊಸ ಕಣಜ ಕಟ್ಟಿದರು. ಹಳೆಯದೆಲ್ಲವನ್ನೂ ಅಲ್ಲಿಗೆ ಸಾಗಿಸುವ ಕೆಲಸ ಗದಗಿನವರ ಪಾಲಿಗೆ ಬಂತು.

ಸಾಗಿಸಲು ಎರಡು ಯಂತ್ರಗಳಿದ್ದವು. ಚೀಟಿಗಳನ್ನೂ ಯಾವ ಆವೃತ್ತಿಯ ಹಿಂದೆ ಯಾವುದು ಎಂಬ ಕ್ರಮವನ್ನೂ ಒಯ್ಯುವ ಯಂತ್ರಕ್ಕೆ ಸಿಬ್ಬಂದಿ ಇಟ್ಟ ಹೆಸರು ಟಪಾಲು. ಅದು ಒಂದೇ ಬೆಳಗಿನಲ್ಲಿ ಕೆಲಸ ಮುಗಿಸಿ ಕೂತಿತು. ನಿಜವಾದ ನೆನಪುಗಳನ್ನು ಹೊತ್ತೊಯ್ಯುವ ಇನ್ನೊಂದಕ್ಕೆ ಎತ್ತುಗಾಡಿ ಅನ್ನುತ್ತಿದ್ದರು. ಅದು ಹೆಸರಿನ ಅಕ್ಷರಕ್ರಮದಲ್ಲಿ, ಅಕಾರದಿಂದ ಹಿಡಿದು, ತೆವಳುತ್ತ ನಡೆದಿತ್ತು.

ಅಷ್ಟರಲ್ಲಿ ಮಹಾನವಮಿ ಬಂತು. ಖಂಡೆ ಪೂಜೆ. ಆ ದಿನ ಕತ್ತಿ, ಕುಡುಗೋಲು, ಮಗ್ಗ, ಮೋಟಾರು ಎಲ್ಲಕ್ಕೂ ವಿಶ್ರಾಂತಿ. ಕಣಜದಂಥ ಕಣಜದಲ್ಲೂ ನಿಲ್ಲಿಸಬಹುದಾದ ಯಂತ್ರಗಳನ್ನೆಲ್ಲ ನಿಲ್ಲಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕುವುದು ರೂಢಿ. ಎತ್ತುಗಾಡಿಗೂ ಹಾಕಿದರು. ಮಾಲೆ ಸರಿಯಾಗಿ ಅದರ ಗುಂಡಿಯ ಮೇಲೆ ಇಳಿಬಿತ್ತು. ಪೂಜೆಗೆ ಇಟ್ಟದ್ದನ್ನು ಬನ್ನಿ ಮುಡಿಯುವವರೆಗೆ ಮುಟ್ಟಬಾರದು. ಮರುದಿನ ವಿಜಯದಶಮಿ. ಎಲ್ಲರೂ ಬನ್ನಿ ಎಲೆಗೆ ಬಂಗಾರ ಅಂತ ಹೆಸರಿಟ್ಟು ಒಬ್ಬರಿಗೊಬ್ಬರು ಕೊಟ್ಟರು, ಹಿರಿಯರ ಕಾಲಿಗೆ ಬಿದ್ದರು, ಹೋಳಿಗೆ ತಿಂದರು. ಮಾಲೆ ತೆಗೆದು ಗುಂಡಿ ಒತ್ತುವುದನ್ನು ಮಾತ್ರ ಬೆಳಗಿನ ಪಾಳಿಯವರು ಸಂಜೆಯವರಿಗೆ ಬಿಟ್ಟರು, ಸಂಜೆಯವರು ಬೆಳಗಿನವರು ಒತ್ತಿದ್ದಾರೆ ಅಂದುಕೊಂಡರು. ಒಣಗಿದ ಚೆಂಡುಹೂವಿನ ಹಿಂದೆ ಎತ್ತುಗಾಡಿ ಸುಮ್ಮನೆ ನಿಂತಿತ್ತು.

ಹಬ್ಬ ಮುಗಿದ ಮೇಲೆ ಸಾಗಣೆಯ ಲೆಕ್ಕ ತೆಗೆದಾಗ ಕೊಠಡಿಯ ದೊಡ್ಡ ಪರದೆ 'ಎಲ್ಲ ತಲುಪಿದೆ' ಎಂದು ಹಸಿರಾಗಿ ಬೆಳಗಿತು. ಆ ಪರದೆ ಎಣಿಸುತ್ತಿದ್ದದ್ದು ಟಪಾಲು ಒಯ್ದ ಚೀಟಿಗಳನ್ನು. ಕೊಠಡಿಯ ಮುಖ್ಯಸ್ಥ ಅಡಿವೆಪ್ಪ ಪರದೆ ನೋಡಿ, "ಅಕ್ಕಾರ, ಹೆಬ್ಬೆಟ್ಟು ಒತ್ತಿಬಿಡ್ರಿ. ಹಳೇದು ಅಳಿಸೂಣು," ಎಂದ. ಒಬ್ಬರ ನೆನಪು ಎರಡು ಕಡೆ ಇರಕೂಡದು ಅನ್ನುವುದು ಕಾಯಿದೆ. ಹೊಸ ಕಣಜ ತುಂಬಿದ ಕೂಡಲೇ ಹಳೆಯದನ್ನು ಬರಿದು ಮಾಡಲೇಬೇಕು. ಆ ದಿನದ ಅಧಿಕಾರ ನೀಲಗಂಗಾಳ ಹೆಬ್ಬೆಟ್ಟಿಗಿತ್ತು.

ಅವಳು ಎಚ್ಚರದ ಹೆಂಗಸು. "ತಡೀರಿ ಅಡಿವೆಪ್ಪಣ್ಣಾರ, ಒಮ್ಮೆ ನೋಡೂಣು," ಎಂದು ಗಂಡನಿಗೆ ಫೋನು ಹಚ್ಚಿದಳು. "ರೀ, ಶಾಲೂ ಮಿರ್ಚಿ ಎಣಿಸಿದ್ದು ನೆನಪಾಕ್ಕೈತೇನು, ನೋಡ್ರಿ."

ಆ ಕಡೆಯಿಂದ ನಗು ಕೇಳಿತು. "ಮೂರು ಆಕಿ ಹೊಟ್ಟ್ಯಾಗ ಐತಿ," ಎಂದ ಮಹಾರುದ್ರ.

ನೀಲಗಂಗಾಳ ಎದೆ ಹಗುರಾಯಿತು. ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಹಳೆಯ ಕಣಜ ಬರಿದಾಯಿತು.

ಅವಳು ಮರೆತದ್ದು ಹಗೇವನ್ನು. ಹಿಂದೆ ಕಾಳು ತುಂಬಿಡಲು ಮನೆಯ ಮುಂದೆ ನೆಲದಡಿ ತೋಡುತ್ತಿದ್ದರಲ್ಲ, ಆ ಹೆಸರನ್ನೇ ಜನ ಓಣಿ ಓಣಿಯ ಪುಟ್ಟ ದಾಸ್ತಾನಿಗೂ ಇಟ್ಟಿದ್ದರು. ಓಣಿಯವರು ಇತ್ತೀಚೆಗೆ ತರಿಸಿಕೊಂಡ ನೆನಪುಗಳ ಒಂದೊಂದು ಹಿಡಿ, ಬೇಗ ಸಿಗಲಿ ಅಂತ, ಅಲ್ಲೇ ಇರುತ್ತಿತ್ತು. ಅಷ್ಟಕ್ಕೆ ಕಾಯಿದೆಯ ಅಡ್ಡಿ ಇರಲಿಲ್ಲ. ಮಹಾರುದ್ರ ದಿನವೂ ಕರೆಯುವ ಮಗಳಿಗಿಂತ ಹೊಸ ಕಾಳು ಬೆಟಗೇರಿಯ ಹಗೇವಿನಲ್ಲಿ ಇನ್ನೊಂದಿರಲಿಲ್ಲ. ಅವನು ಫೋನಿನಲ್ಲಿ ನಕ್ಕದ್ದು ಸಮುದ್ರದಿಂದ ಬಂದ ನೆನಪಿಗಲ್ಲ, ಮನೆಯ ಹತ್ತಿರದ ಹಗೇವಿನಿಂದ ಬಂದದ್ದಕ್ಕೆ.

ಮುಂದಿನ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ದೂರು ಬಂತು. ಒಬ್ಬರಿಗೆ ಅಜ್ಜಿಯ ಮುಖ ಬರಲೊಲ್ಲದು, ಇನ್ನೊಬ್ಬರಿಗೆ ಹಳೆಯ ಊರಿನ ಹೊಳೆ ಬರಲೊಲ್ಲದು. "ಹೊಸಾ ಲೈನ್ರಿ, ಸಮುದ್ರದ ತನಕ ಹೋಗಿ ಬರಬೇಕಲ್ಲಾ. ಸ್ವಲ್ಪ ತಡೀರಿ," ಎಂದು ಕೊಠಡಿಯವರು ಸಮಾಧಾನ ಹೇಳಿದರು. ಹೇಳಿದವರಲ್ಲಿ ನೀಲಗಂಗಾಳೂ ಒಬ್ಬಳು.

ದೀಪಾವಳಿಗೆ ಮನೆ ತೊಳೆಯುವಂತೆ ಹಗೇವುಗಳನ್ನೂ ತೊಳೆಯುವುದು ಪದ್ಧತಿ. ತೊಳೆದರು. ಅವತ್ತು ಸಂಜೆ ಮಹಾರುದ್ರ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಹಿಡಿದು ಎಣ್ಣೆಯ ಮೇಲೆ ಕೈ ಚಾಚಿದವನು, ಮಗಳನ್ನು ನೆನೆದು, ಹಾಗೇ ನಿಂತುಬಿಟ್ಟ. ರೆಪ್ಪೆ ಬಡಿಯಲಿಲ್ಲ. ಹಿಟ್ಟು ತೊಟ್ಟಿಕ್ಕಿತು, ಮೆಣಸಿನಕಾಯಿ ಜಾರಿತು, ಕೈ ಮೆಲ್ಲಗೆ ಕೆಳಗಿಳಿಯಿತು. ಚಹಾದಂಗಡಿಯವರು ಓಡಿಬಂದು ಎಳೆಯುವಷ್ಟರಲ್ಲಿ ನಾಲ್ಕು ಬೆರಳು ಬೆಂದಿದ್ದವು.

ಮರುದಿನ ನೀಲಗಂಗಾ ಕೊಠಡಿಗೆ ಹೋಗಿ ಗಂಡನ ಚೀಟಿಯನ್ನು ತಾನೇ ಸಮುದ್ರಕ್ಕೆ ತೋರಿಸಿದಳು. ಗುರುತು ಸರಿ, ತೂಕ ಸರಿ, ಕ್ರಮ ಸರಿ. ಕಾಳು ಇಲ್ಲ. ಮತ್ತೆ ತೋರಿಸಿದಳು. ಇಲ್ಲ. ಎದ್ದು ಯಂತ್ರಗಳ ಸಾಲಿನಲ್ಲಿ ನಡೆದಳು. ಎತ್ತುಗಾಡಿಯ ಮೇಲೆ ಕಪ್ಪಾಗಿ ಸುರುಟಿದ ಮಾಲೆ ಹಾಗೇ ಇತ್ತು. ಅದನ್ನು ಕಂಡ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಎತ್ತುಗಾಡಿ ಎಲ್ಲಿಯವರೆಗೆ ಸಾಗಿಸಿತ್ತೆಂದು ಪಟ್ಟಿ ತೆಗೆದು ನೋಡಿದಳು.

ಬಕಾರದ ಹೆಸರಿನವರೆಗೆ ಎಲ್ಲರ ನೆನಪೂ ಕಾರವಾರ ಸೇರಿತ್ತು. ಭಕಾರದಿಂದ ಆಚೆಯವರದು ಹಳೆಯ ಕಣಜದಲ್ಲೇ ಉಳಿದಿತ್ತು, ಅಂದರೆ ಅಳಿಸಿಹೋಗಿತ್ತು. ಅಡಿವೆಪ್ಪನ ಕಿವಿಯ ಹಿಂದೆಯೂ ಮಣಿ ಇತ್ತು. ಅವನು ಅವಳ ಎದುರು ನಿಲ್ಲಲಾಗದೆ ಗೋಡೆಯ ಕಡೆ ಮುಖ ಮಾಡಿ ಹೇಳಿದ, "ನಂದೆಲ್ಲಾ ಬಂದೈತ್ರಿ ಅಕ್ಕಾರ. ಅವ್ವ, ಅಪ್ಪ, ಆಡಿದ ಗೋಲಿ ಸೈತ. ನನ್ನ ಹೆಸರು ಅಕಾರದಿಂದ ಸುರು ಆಕ್ಕೈತಿ, ಅದಕ್ಕ."

"ಅವರು ದಿನಾ ಆಕೀನ್ನ ನೆನಸಾಕತ್ತಿದ್ರಲ್ಲಾ," ಎಂದಳು ನೀಲಗಂಗಾ. "ದಸರಾ ಆದ ಮ್ಯಾಲೂ ದಿನಾ ನೆನಸ್ಯಾರ. ರಾತ್ರಿ ಅದು ಹೊಸಾ ಕಣಜಕ್ಕ ಹೋಗಿರಬೇಕಲ್ಲಾ?"

"ಬದಲಾಗಿದ್ರ ಹೋಗ್ತಿತ್ರಿ."

ಬದಲಾಗಿರಲಿಲ್ಲ. ಲೋಕದಲ್ಲಿ ಎಲ್ಲರೂ ತಮ್ಮ ನೆನಪಿಗೆ ಇಷ್ಟು ಬಣ್ಣ, ಅಷ್ಟು ಒಗ್ಗರಣೆ ಸೇರಿಸುತ್ತಾರೆ. ಮಹಾರುದ್ರ ಆ ಒಂದನ್ನು ಮಾತ್ರ ಹೇಗೆ ತೆಗೆದನೋ ಹಾಗೇ ಇಟ್ಟಿದ್ದ. ಮಗಳ ದನಿಯಲ್ಲಿ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುರುತು ಅದೇ ಇದ್ದದ್ದರಿಂದ ಮಣಿ ಪ್ರತಿ ರಾತ್ರಿ ನೋಡಿ, ಇದರ ಚೀಟಿ ಕಾರವಾರದಲ್ಲಿ ಆಗಲೇ ಇದೆ, ಮತ್ತೇಕೆ ಕಳಿಸಲಿ ಎಂದು ಬಿಟ್ಟಿತ್ತು. ಒಂದೇ ಒಂದು ದಿನ ಅವನು ತಪ್ಪಾಗಿ ನೆನೆಸಿಕೊಂಡಿದ್ದರೆ, ಹುಡುಗಿಯ ಲಂಗದ ಬಣ್ಣ ತುಸು ಬೇರೆ ಕಂಡಿದ್ದರೆ, ಅವಳು ಉಳಿಯುತ್ತಿದ್ದಳು. ಅಷ್ಟು ಜೋಪಾನ ಮಾಡಿದ್ದೇ ಮುಳುವಾಯಿತು. ದೇವರೇ, ಇದಕ್ಕೆ ಯಾರನ್ನು ಬೈಯಬೇಕು?

ನೀಲಗಂಗಾ ಸುಮ್ಮನೆ ಕೂರುವವಳಲ್ಲ. ಗಂಡ ಹೋಗಿದ್ದ ಊರುಗಳ ಹಗೇವುಗಳನ್ನೆಲ್ಲ ಹುಡುಕಿಸಿದಳು. ಹುಬ್ಬಳ್ಳಿಯದು ತೊಳೆದಿತ್ತು. ಅಣ್ಣಿಗೇರಿಯದೂ ತೊಳೆದಿತ್ತು. ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಹುಡುಗಿ ಮಿರ್ಚಿ ಎಣಿಸುವಾಗ ತಾನೂ ಅಂಗಡಿಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿರಲಿಲ್ಲವೇ? ತನ್ನ ತಲೆಯಲ್ಲಿ ಅದು ಗಟ್ಟಿಯಾಗಿದೆಯಲ್ಲ! ಅಡಿವೆಪ್ಪನನ್ನು ಕಾಡಿ ಬೇಡಿ ಒಂದು ಮಣಿ ತರಿಸಿ, ತನ್ನ ನೆನಪಿನ ನಕಲು ತೆಗೆದು, ಗಂಡನ ಚೀಟಿಯ ಜಾಗಕ್ಕೆ ಕಳಿಸಿದಳು. ಸಮುದ್ರ ಅದನ್ನು ವಾಪಸು ಎಸೆಯಿತು. ಹೆಬ್ಬೆಟ್ಟಿನ ಗುರುತು ಹೊಂದಲಿಲ್ಲ. ಆ ಚೀಟಿಗೆ ಆ ಕಾಳೇ ಬೇಕು, ಅದರಂಥದ್ದು ನಡೆಯುವುದಿಲ್ಲ.

"ಚೀಟಿ ಬ್ಯಾಡ, ಹೊಸಾ ನೆನಪಂತ ಕೊಡ್ರಿ," ಎಂದಳು. ಅಡಿವೆಪ್ಪ ಹಾಗೇ ಕೊಟ್ಟ.

ಮನೆಯಲ್ಲಿ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಬೆಂದ ಕೈಗೆ ಬಟ್ಟೆ ಸುತ್ತಿತ್ತು. ಮಹಾರುದ್ರ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ನೋಡಿದ.

"ಯಾಂವೋ ಒಬ್ಬಾಂವ ಮಿರ್ಚಿ ಕರಿಯಾಕತ್ತಾನ. ಉರಿ ಭಾಳ ಇಟ್ಟಾನ ನೋಡು," ಎಂದ. "ಕಟ್ಟಿ ಮ್ಯಾಲೆ ಒಂದು ಕೂಸು ಕುಂತೈತಿ."

"ಹೂಂ... ಆಮ್ಯಾಲೆ?"

"ಎಣಸಾಕತ್ತೈತಿ. ತಪ್ಪು ಎಣಸ್ತೈತಿ." ಅವನು ಕಣ್ಣು ಬಿಟ್ಟ. "ಛಲೋ ಐತಿ ಕೂಸು. ಯಾರ್ದು ನೀಲಾ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ನೆನಪಿನಲ್ಲಿ ಅವನು ಹೊರಗಿನವನಾಗಿದ್ದ. ತನ್ನ ಮುಖವನ್ನೇ ಅವನು ಗುರುತಿಸಿರಲಿಲ್ಲ. ಮರುದಿನವೇ ಆ ನಕಲನ್ನು ಅವನ ತಲೆಯಿಂದ ವಾಪಸು ತೆಗೆಸಿದಳು.

ಅದಾದ ಮೇಲೂ ಹಳೆಯ ಚೀಟಿ ಅಲ್ಲೇ ಇತ್ತು, ಅದೇ ಕೆಟ್ಟದ್ದು. ಚಿಕ್ಕ ಹುಡುಗಿಯರ ದನಿ ಕೇಳಿದರೆ ಸಾಕು, ಮಣಿ ಚೀಟಿ ಹಿಡಿದು ಸಮುದ್ರದ ಬಾಗಿಲು ಬಡಿಯುವುದು. ಇಲ್ಲ ಅಂದರೆ ಮತ್ತೆ ಬಡಿಯುವುದು. ಅಷ್ಟೂ ಹೊತ್ತು ಮಹಾರುದ್ರ ನಿಂತಲ್ಲೇ ಕಂಬ. ಶಾಲೆ ಬಿಡುವ ಹೊತ್ತಿಗೆ ಅವನನ್ನು ಮನೆಯೊಳಗೆ ಇಟ್ಟು ಬಾಗಿಲು ಹಾಕಬೇಕಾಯಿತು. ಮಣಿ ಕಿತ್ತುಹಾಕೋಣವೆಂದರೆ ಇವತ್ತಿನ ಹೆಂಡತಿಯ ಮುಖ ನಾಳೆಗೆ ಉಳಿಯುವುದಿಲ್ಲ. ಅಂಗಡಿ ಮುಚ್ಚಿತು. ಊರಲ್ಲಿ ಇಂಥವರು ಇನ್ನೂ ಬಹಳ ಜನರಿದ್ದರು. ರೋಣದ ಕಡೆಯ ಶಿವಪುತ್ರ ಎಂಬವನು ರಸ್ತೆ ನಡುವೆ ಹೀಗೇ ನಿಂತು ಲಾರಿಗೆ ಸಿಕ್ಕು ಸತ್ತ.

ಆಗ ಮೇಲಿನವರಿಂದ ಒಂದು ಪರಿಹಾರ ಬಂತು. ಕಾಳಿಲ್ಲದ ಚೀಟಿಗಳನ್ನು ಕಿತ್ತು ತೆಗೆಯುವುದು. ಚೀಟಿ ಹೋದರೆ ಹುಡುಕಾಟ ನಿಲ್ಲುತ್ತದೆ. ತನಗೆ ಇಂಥದ್ದೊಂದು ಇತ್ತು ಅನ್ನುವ ಸುಳಿವೂ ಹೋಗುತ್ತದೆ. ಅದಕ್ಕೆ ಮನೆಯವರೊಬ್ಬರ ಹೆಬ್ಬೆಟ್ಟು ಬೇಕು.

"ಆಗೂದಿಲ್ರಿ," ಎಂದಳು ನೀಲಗಂಗಾ. "ನಾ ಒತ್ತೂದಿಲ್ಲ."

"ಅಕ್ಕಾರ, ಶಿವಪುತ್ರ..."

"ಗೊತ್ತೈತಿ. ಅವರ ತಲ್ಯಾಗ ಆಕಿ ಅಂತ ಇರೂದು ಅದೊಂದ ಚೀಟಿ. ಅದನ್ನೂ ಕಿತ್ತರ ಆಕಿ ಅವರಿಗೆ ಹುಟ್ಟೇ ಇಲ್ಲ ಅಂದಂಗ ಆತಲ್ರಿ!" ಅವಳ ದನಿ ಏರಿತು.

ಕಡೆಗೆ ಕೇಳಿದವನು ಮಹಾರುದ್ರನೇ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಓಣಿಯಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಪಲ್ಯ ಆರಿತು, ನೊಣ ಕೂತಿತು, ಹುಡುಗಿಯರು ಆಟ ಮುಗಿಸಿ ಹೋದರು. ಎಷ್ಟೋ ಹೊತ್ತಿನ ಮೇಲೆ ಅವನು ಉಸಿರು ಬಿಟ್ಟ. ಮೈಯೆಲ್ಲ ಬೆವರು.

"ನೀಲಾ, ನನ್ನ ಕಡೆ ಏನೋ ಒಂದು ಐತಿ," ಎಂದ. "ಭಾಳ ಭಾರ ಐತಿ ಅನ್ನೂದು ಗೊತ್ತಾಕ್ಕೈತಿ. ಏನಂತ ಗೊತ್ತಾಗೂದಿಲ್ಲ. ಹೊತ್ತು ಹೊತ್ತು ಸಾಕಾತು. ಇಳಿಸಿಬಿಡು."

"ಇಳಿಸಿದ್ರ ಹೋಗಿಬಿಡತೈತ್ರಿ. ಮತ್ತ ಬರೂದಿಲ್ಲ."

"ಈಗ ಬರ್ತೈತೇನು?"

ಬರುವುದಿಲ್ಲ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳು ಅವನ ತಟ್ಟೆ ತೆಗೆದು, ಬೇರೆ ಬಿಸಿ ರೊಟ್ಟಿ ಹಾಕಿ, ಅವನು ಉಂಡು ಮುಗಿಸುವವರೆಗೆ ಎದುರಿಗೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಕೊಠಡಿಗೆ ಹೋದಳು. ಅದೇ ಗಾಜು, ಅದೇ ಹೆಬ್ಬೆಟ್ಟು. ಅಡಿವೆಪ್ಪ, "ನಾ ಒತ್ತಿಸ್ತೀನಿ, ನೀವು ಆ ಕಡೆ ನೋಡ್ರಿ," ಎಂದ. ಅವಳು ಆ ಕಡೆ ನೋಡಲಿಲ್ಲ. ಪರದೆಯ ಮೇಲೆ ಚೀಟಿಯ ಸಾಲು ಇತ್ತು. ಮಗಳ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ, ಗುರುತಿನ ಅಂಕಿಗಳು ಮತ್ತು ತೂಕ ಅಷ್ಟೇ. ಒತ್ತಿದಳು. ಸಾಲು ಅಳಿಯಿತು.

ಮಹಾರುದ್ರ ಚೇತರಿಸಿಕೊಂಡ. ಯುಗಾದಿಗೆ ಅಂಗಡಿ ತೆಗೆದ. ಬೆರಳುಗಳು ಸೆಡೆತಿದ್ದರೂ ಉಪ್ಪು ತಪ್ಪಲಿಲ್ಲ. ಶಾಲೆ ಬಿಟ್ಟ ಹುಡುಗಿಯರು ಅಂಗಡಿಯ ಮುಂದೆ ಗದ್ದಲ ಮಾಡಿದರೆ, "ಏ ಸರೀರವಾ, ಎಣ್ಣಿ ಸಿಡೀತೈತಿ," ಎಂದು ಗದರಿಸಿ ತನ್ನ ಕೆಲಸ ನೋಡುತ್ತಿದ್ದ. ಒಂದು ದಿನ ಗೋಡೆಯ ಫೋಟೋದ ಧೂಳು ಒರೆಸುತ್ತ, "ಇದು ಯಾರ ಕೂಸು? ನಿಮ್ಮ ತವರಿನಾವ್ರದೇನು?" ಎಂದು ಕೇಳಿದ. "ನಮ್ಮ ಕೂಸ್ರಿ," ಎಂದಳು. ಜ್ವರದಲ್ಲಿ ತೀರಿಕೊಂಡದ್ದನ್ನೂ ಹೇಳಿದಳು. ಅವನು "ಅಯ್ಯ ಪಾಪ," ಎಂದ. ನಿಜವಾಗಿಯೂ ಮರುಗಿಯೇ ಅಂದ, ಒಳ್ಳೆಯ ಮನುಷ್ಯ. ಆದರೆ ಬೇರೆಯವರ ಮನೆಯ ಸಾವಿಗೆ ಮರುಗಿದ ಹಾಗಿತ್ತು. ಅವಳು ಇನ್ನೊಮ್ಮೆ ಹೇಳಲಿಲ್ಲ.

ಮತ್ತೆ ದಸರೆ ಬಂತು. ವಿಜಯದಶಮಿಯ ಸಂಜೆ ಮಹಾರುದ್ರ ಹೊಸ ಅಂಗಿ ತೊಟ್ಟು, ಊರ ಹೊರಗಿನ ಬನ್ನಿಗಿಡಕ್ಕೆ ಹೋಗಿ ಬಂದ. "ಹಿಡಿ, ಬಂಗಾರ. ಬಂಗಾರದಂಗ ಇರೂಣು," ಎಂದು ಹೆಂಡತಿಯ ಕೈಗೆ ಒಂದು ಎಸಳು ಕೊಟ್ಟ. ಅವಳು ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಅವನು ಒಂದನ್ನು ಜಗಲಿಯ ಮೇಲೆ ದೇವರ ಮುಂದೆ ಇಟ್ಟ. ಕೈಯಲ್ಲಿ ಇನ್ನೂ ಒಂದು ಉಳಿಯಿತು. ಚಿಕ್ಕದು, ಎಳೆಯದು, ಮಕ್ಕಳ ಕೈಗೆ ಕೊಡುವಂಥದ್ದು.

"ಇದ್ಯಾಕ ತಂದ್ನಿ?" ಎಂದು ಅದನ್ನು ತಿರುಗಿಸಿ ನೋಡಿದ.

ರೂಢಿ ಹಗುರ. ಅದನ್ನು ಜ್ವರವೂ ಒಯ್ದಿರಲಿಲ್ಲ, ನೀಲಗಂಗಾಳ ಹೆಬ್ಬೆಟ್ಟೂ ಅಳಿಸಿರಲಿಲ್ಲ. ಅವಳು ಅವನ ಮುಖ ನೋಡಿದಳು. ಅವನ ಕಣ್ಣು ನಿಲ್ಲಲಿಲ್ಲ, ಮೈ ಬಿಗಿಯಲಿಲ್ಲ. ಯಾವ ಬಾಗಿಲನ್ನೂ ಅವನ ಮಣಿ ಬಡಿಯಲಿಲ್ಲ. ಒಂದು ಎಸಳು ಹೆಚ್ಚಿಗೆ ಕಿತ್ತುಕೊಂಡು ಬಂದ ಮನುಷ್ಯ, ಅಷ್ಟೇ.

"ಬಾಜೂ ಮನ್ಯಾವ್ರಿಗೆ ಇರಬೇಕ್ರಿ," ಎಂದಳು.

"ಹೌದಲಾ," ಎಂದು ಅವನು ಹೋಗಿ ಕೊಟ್ಟು ಬಂದ.

ಹಬ್ಬಕ್ಕೆಂದು ಮನೆಯಲ್ಲೇ ಮಿರ್ಚಿ ಕರಿದಿದ್ದ. ನೀಲಗಂಗಾ ತಟ್ಟೆಗೆ ಹಾಕುತ್ತ, ಅವನಿಗೆ ಕೇಳಲೆಂದೇ, ಗಟ್ಟಿಯಾಗಿ ಎಣಿಸಿದಳು. "ಒಂದು, ಎರಡು, ನಾಲ್ಕು."

ಮಹಾರುದ್ರ ಬಾಣಲಿಯಿಂದ ತಲೆ ಎತ್ತಿದ.

"ಮೂರು ಬಿಟ್ಟಿ ನೋಡು," ಎಂದು, ಜಾಲರಿ ಸೌಟಿನಿಂದ ಇನ್ನೊಂದು ಮಿರ್ಚಿ ಎತ್ತಿ ತಟ್ಟೆಗೆ ಹಾಕಿ ಎಣಿಕೆ ಸರಿಮಾಡಿದ.